ನಮ್ಮ ಗಡಿಯಾರಗಳು ಒಂದೇ ಮಾತು ಹೇಳಲಿ



ನಮ್ಮ ಇಗರ್ಜಿಯ ಆವರಣದಲ್ಲಿ ಎಷ್ಟು ಗಡಿಯಾರಗಳಿವೆ ಎಂದು ಕೇಳಿದರೆ ಹೆಚ್ಚಿನವರು ಎರಡು ಎನ್ನುತ್ತಾರೆ. ಒಂದು ಸಕ್ರಿಸ್ತಿಯ ಗೋಡೆಯಲ್ಲಿ, ಇನ್ನೊಂದು ಸಭಾಭವನದಲ್ಲಿ. ಕಳೆದ ತಿಂಗಳು ನಾವು ಯುವಜನರು ಕುಳಿತು ಎಣಿಸಿದಾಗ ಹನ್ನೊಂದು ಸಿಕ್ಕವು. ಗೋಡೆಯ ಎರಡನ್ನು ಬಿಟ್ಟರೆ ಕಚೇರಿಯ ಕಂಪ್ಯೂಟರ್, ಬಲಿಪೂಜೆಯನ್ನು ನೇರ ಪ್ರಸಾರ ಮಾಡುವ ಲ್ಯಾಪ್‌ಟಾಪ್, ಗೀತೆಗಳನ್ನು ಪರದೆಗೆ ಹಾಕುವ ಹಳೆಯ ಲ್ಯಾಪ್‌ಟಾಪ್, ವೈಫೈ ರೂಟರ್, ಸಿಸಿಟಿವಿಯ ರೆಕಾರ್ಡರ್, ಪ್ರಿಂಟರ್, ಫೋಟೊ ಕ್ಯಾಮೆರಾ, ವಿಡಿಯೊ ಕ್ಯಾಮೆರಾ, ಕಚೇರಿಯ ಮೊಬೈಲ್. ಇವೆಲ್ಲವುಗಳ ಹೊಟ್ಟೆಯಲ್ಲೂ ಒಂದೊಂದು ಗಡಿಯಾರ ಇದೆ. ಎಣಿಸಿದ ದಿನ ಹನ್ನೊಂದರಲ್ಲಿ ಐದು ಮಾತ್ರ ಒಂದೇ ಹೊತ್ತು ತೋರಿಸುತ್ತಿದ್ದವು.

"ನಾಲ್ಕು ನಿಮಿಷ ಹೆಚ್ಚು ಕಡಿಮೆಯಾದರೆ ಏನಂತೆ, ಬಲಿಪೂಜೆ ಹೇಗೂ ಗಂಟೆ ಬಾರಿಸಿದ ಮೇಲೆ ತಾನೇ?" ಎಂದು ಪಾಲನಾ ಮಂಡಳಿಯ ಹಿರಿಯರೊಬ್ಬರು ನಗುತ್ತಾ ಕೇಳಿದರು. ಕಳೆದ ವರ್ಷ ಇಂಥದ್ದೇ ಒಂದು ಗಡಿಯಾರದಿಂದಾಗಿ ನಮ್ಮ ನಡುವಿನ ಒಬ್ಬ ಹುಡುಗನ ಮೇಲೆ ಕಳ್ಳನೆಂಬ ಮಾತು ಬಂದಿತ್ತು ಎಂದು ನೆನಪಿಸಿದಾಗ ಅವರ ನಗು ನಿಂತಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಹುಡುಗನನ್ನೂ ಅವನ ತಾಯಿಯನ್ನೂ ಕೇಳಿ, ಅವರು ಒಪ್ಪಿದ ಮೇಲೆಯೇ ಹೆಸರು ಹೇಳದೆ ಬರೆಯುತ್ತಿದ್ದೇವೆ. ಆದರೆ ಅದು ಅರ್ಥವಾಗಬೇಕಾದರೆ ಕಂಪ್ಯೂಟರ್ ಹೊತ್ತು ತಿಳಿಯುವುದು ಹೇಗೆ ಎಂದು ಮೊದಲು ಸ್ವಲ್ಪ ನೋಡಬೇಕು. ನಮ್ಮಲ್ಲಿ ಒಂದಿಬ್ಬರು ಬಿಎಸ್ಸಿ ಓದಿದವರು ಇದ್ದೇವೆ. ಆದಷ್ಟು ಸರಳವಾಗಿ ಹೇಳಲು ಪ್ರಯತ್ನಿಸುತ್ತೇವೆ.

ಕಂಪ್ಯೂಟರಿನೊಳಗೆ ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಕ್ವಾರ್ಟ್ಜ್ ಹರಳು ಇರುತ್ತದೆ. ವಿದ್ಯುತ್ ಕೊಟ್ಟಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕೈಗಡಿಯಾರದಲ್ಲಿ ಇರುವುದೂ ಇಂಥದ್ದೇ ಹರಳು. ಚಿಪ್ ಆ ಕಂಪನಗಳನ್ನು ಎಣಿಸುತ್ತದೆ, 32,768 ಆದಾಗ ಒಂದು ಸೆಕೆಂಡ್ ಎಂದು ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಆರಿಸಿದಾಗಲೂ ಎಣಿಕೆ ನಿಲ್ಲಬಾರದೆಂದು ಎಂಟಾಣೆ ನಾಣ್ಯದಂಥ ಒಂದು ಬ್ಯಾಟರಿ ಇಟ್ಟಿರುತ್ತಾರೆ. ಆ ಬ್ಯಾಟರಿ ಸತ್ತರೆ ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಹತ್ತು ಹದಿನೈದು ವರ್ಷ ಹಿಂದಿನ ಯಾವುದೋ ದಿನಾಂಕಕ್ಕೆ ಹೋಗಿ ನಿಲ್ಲುತ್ತದೆ. ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇದನ್ನು ನೋಡಿರಬಹುದು.

ಹರಳು ಎಷ್ಟೇ ಒಳ್ಳೆಯದಾದರೂ ಪೂರ್ತಿ ಸರಿಯಾಗಿ ಕಂಪಿಸುವುದಿಲ್ಲ. ಸಾಮಾನ್ಯ ಹರಳಿನಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇರುವುದು ಮಾಮೂಲು. ಕೇಳಲು ಚಿಕ್ಕದು, ಆದರೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್, ವರ್ಷಕ್ಕೆ ಹತ್ತು ನಿಮಿಷ. ಸೆಖೆ ಹೆಚ್ಚಾದರೂ ಚಳಿ ಹೆಚ್ಚಾದರೂ ಹರಳು ತುಸು ನಿಧಾನವಾಗುತ್ತದೆ. ತಗಡಿನ ಮಾಡಿನ ಕೆಳಗೆ ಹಗಲೆಲ್ಲ ಬೇಯುವ ರೆಕಾರ್ಡರ್‌ಗೂ ಫ್ಯಾನಿನ ಕೆಳಗಿನ ಕಚೇರಿಯ ಕಂಪ್ಯೂಟರಿಗೂ ಒಂದೇ ದಿನ ಹೊತ್ತು ಹೊಂದಿಸಿ ಬಿಟ್ಟರೂ ಮುಂದಿನ ಹಬ್ಬದ ಹೊತ್ತಿಗೆ ಎರಡೂ ಬೇರೆ ಬೇರೆ ಮಾತಾಡುತ್ತಿರುತ್ತವೆ.

ಆದ್ದರಿಂದ ಕಂಪ್ಯೂಟರುಗಳು ಆಗಾಗ ತಮಗಿಂತ ಚೆನ್ನಾಗಿ ಹೊತ್ತು ತಿಳಿದವರನ್ನು ನೆಟ್‌ವರ್ಕಿನ ಮೂಲಕ ಕೇಳಿಕೊಳ್ಳುತ್ತವೆ. ಈ ಕೇಳುವ ಪದ್ಧತಿಯ ಹೆಸರು ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್, ಚಿಕ್ಕದಾಗಿ ಎನ್‌ಟಿಪಿ. ಇದನ್ನು ರೂಪಿಸಿದವರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಮಿಲ್ಸ್. ಮೊದಲ ವಿವರಣೆ ಪ್ರಕಟವಾದದ್ದು 1985ರಲ್ಲಿ. ಹುಟ್ಟಿನಿಂದಲೇ ಗ್ಲಾಕೋಮಾ ಇದ್ದ ಅವರ ದೃಷ್ಟಿ ವಯಸ್ಸಾದಂತೆ ಪೂರ್ತಿ ಹೋಯಿತು. 2024ರ ಜನವರಿಯಲ್ಲಿ, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಡಿಯಾರದ ಮುಖ ನೋಡಲಾಗದ ಒಬ್ಬರು ಲೋಕದ ಕಂಪ್ಯೂಟರುಗಳಿಗೆಲ್ಲ ಹೊತ್ತು ಹೊಂದಿಸಲು ದಾರಿ ಮಾಡಿಕೊಟ್ಟು ಹೋದರು ಎಂದು ಓದಿದಾಗ ನಮ್ಮ ಗುಂಪು ಸ್ವಲ್ಪ ಹೊತ್ತು ಸುಮ್ಮನಾಗಿತ್ತು.

ಅವರ ಉಪಾಯ ನಮ್ಮೂರಿನ ಲೆಕ್ಕದಲ್ಲಿ ಹೀಗಿದೆ. ನಿಮ್ಮ ಮನೆಯ ಗಡಿಯಾರ ಸರಿಯಿಲ್ಲ. ಅಂಗಡಿಯ ಗಡಿಯಾರ ಸರಿಯಿದೆ. ತಮ್ಮನನ್ನು ಹೊತ್ತು ಕೇಳಿಕೊಂಡು ಬಾ ಎಂದು ಕಳಿಸುತ್ತೀರಿ. ಅವನು ಹೊರಟಾಗ ಮನೆಯಲ್ಲಿ 4.00. ಅಂಗಡಿಗೆ ತಲಪಿದಾಗ ಅಲ್ಲಿ 4.07. ಒಂದು ನಿಮಿಷ ನಿಂತು 4.08ಕ್ಕೆ ಹೊರಡುತ್ತಾನೆ. ಮನೆಗೆ ಬಂದಾಗ ಮನೆಯ ಗಡಿಯಾರದಲ್ಲಿ 4.07. ಅಂದರೆ ಮನೆಯ ಲೆಕ್ಕದಲ್ಲಿ ಅವನು ಹೊರಗಿದ್ದದ್ದು ಏಳು ನಿಮಿಷ, ಅದರಲ್ಲಿ ಅಂಗಡಿಯಲ್ಲಿ ನಿಂತದ್ದು ಒಂದು. ನಡೆದದ್ದು ಆರು, ಹೋಗಲು ಮೂರು, ಬರಲು ಮೂರು. ಅವನು ಅಂಗಡಿ ಬಿಟ್ಟಾಗ ಅಲ್ಲಿ 4.08 ಆಗಿದ್ದರೆ ಈಗ ನಿಜವಾದ ಹೊತ್ತು 4.11. ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದೆ. ಎನ್‌ಟಿಪಿ ಮಾಡುವುದು ಇಷ್ಟೇ, ನಿಮಿಷದ ಬದಲು ಸೆಕೆಂಡಿನ ಸಾವಿರದೊಂದು ಪಾಲಿನಲ್ಲಿ.

ಆದರೆ ನಮ್ಮದು ಗುಡ್ಡದ ಊರು. ಅಂಗಡಿಗೆ ಇಳಿಯಲು ಎರಡು ನಿಮಿಷ, ಹತ್ತಲು ನಾಲ್ಕು ಬೇಕಾದರೆ? ಒಟ್ಟು ಆರೇ ಆದರೂ ಅರ್ಧ ಮಾಡಿದ ಲೆಕ್ಕದಲ್ಲಿ ಒಂದು ನಿಮಿಷ ತಪ್ಪುತ್ತದೆ. ಇಂಟರ್ನೆಟ್ಟಿನಲ್ಲೂ ಹೀಗೇ, ಹೋಗುವ ದಾರಿ ಖಾಲಿ ಇದ್ದು ಬರುವ ದಾರಿಯಲ್ಲಿ ಗದ್ದಲ ಇರಬಹುದು. ಅದಕ್ಕಾಗಿ ಎನ್‌ಟಿಪಿ ಒಂದೇ ಸಲ ಕೇಳಿ ನಂಬುವುದಿಲ್ಲ. ಹಲವು ಸಲ ಕೇಳುತ್ತದೆ, ಸಾಧ್ಯವಿದ್ದರೆ ಹಲವರನ್ನು ಕೇಳುತ್ತದೆ, ಬೇಗ ಬಂದ ಉತ್ತರಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ವ್ಯತ್ಯಾಸ ಚಿಕ್ಕದಿದ್ದರೆ ಗಡಿಯಾರವನ್ನು ಥಟ್ಟನೆ ಹಿಂದೆ ಮುಂದೆ ಹಾರಿಸುವುದಿಲ್ಲ. ತುಸು ವೇಗವಾಗಿಯೋ ನಿಧಾನವಾಗಿಯೋ ಓಡಿಸಿ ಮೆಲ್ಲಗೆ ಸರಿದಾರಿಗೆ ತರುತ್ತದೆ.

ಅಂಗಡಿಯವರು ಯಾರನ್ನು ಕೇಳುತ್ತಾರೆ? ಅದಕ್ಕೂ ಒಂದು ಸಾಲು ಇದೆ. ಎಲ್ಲಕ್ಕಿಂತ ಮೇಲೆ ಪರಮಾಣು ಗಡಿಯಾರಗಳು. ಅವುಗಳಿಗೆ ನೇರವಾಗಿ ಜೋಡಿಸಿದ ಕಂಪ್ಯೂಟರ್ ಮೊದಲ ಮೆಟ್ಟಿಲು, ಅದನ್ನು ಕೇಳುವವರು ಎರಡನೆಯದು, ಹೀಗೆ ಹದಿನೈದರವರೆಗೆ. ಹದಿನಾರು ಎಂದರೆ "ಇದರ ಮಾತು ನಂಬಬೇಡಿ" ಎಂದರ್ಥ. ಭಾರತದ ಅಧಿಕೃತ ಸಮಯವನ್ನು ಕಾಪಾಡುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಎನ್‌ಪಿಎಲ್. ಅಲ್ಲಿನ ಸರ್ವರ್ ಅನ್ನು ನಾವು ನೀವು ಯಾರು ಬೇಕಾದರೂ ಕೇಳಬಹುದು.

ಇಲ್ಲಿಯವರೆಗೆ ಹೇಳಿದ್ದು ಅರ್ಧ ಮಾತ್ರ. ಎನ್‌ಟಿಪಿ ಹೇಳುವ ಹೊತ್ತು ಕಾಸರಗೋಡಿನದ್ದಲ್ಲ, ದೆಹಲಿಯದ್ದೂ ಅಲ್ಲ. ಅದು ಇಡೀ ಲೋಕಕ್ಕೆ ಒಂದೇ ಆದ ಯುಟಿಸಿ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ನಮ್ಮ ಹೊತ್ತು ಮಾಡಿಕೊಳ್ಳುವುದು ನಮ್ಮ ಯಂತ್ರದ ಕೆಲಸ. ನಾವು ಯಾವ ಸಮಯ ವಲಯದಲ್ಲಿದ್ದೇವೆ ಎಂಬುದನ್ನು ಎನ್‌ಟಿಪಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ತಿಳಿಸಬೇಕು.

ಈ ಐದೂವರೆ ಗಂಟೆ ಎಲ್ಲಿಂದ ಬಂತು? ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ಮದ್ರಾಸಿನದ್ದೇ ಒಂದು ಸಮಯ ಇತ್ತು, ಗ್ರೀನ್‌ವಿಚ್‌ಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದೆ. ಬೊಂಬಾಯಿಗೆ ಬೇರೆ, ಕಲ್ಕತ್ತಕ್ಕೆ ಬೇರೆ. 1906ರ ಜನವರಿ 1ರಿಂದ ಇಡೀ ದೇಶಕ್ಕೆ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ಎಂದಾಯಿತು. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುತ್ತದೆ. ಮರುವರ್ಷ, 1907ರಲ್ಲಿ, ರೈಲು ನಮ್ಮೂರು ದಾಟಿ ಮಂಗಳೂರು ಮುಟ್ಟಿತು.

ಕಾಸರಗೋಡು ಇರುವುದು 75 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಏಳೂವರೆ ಡಿಗ್ರಿಗೆ ಮೂವತ್ತು ನಿಮಿಷ. ಅಂದರೆ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚು ಕಡಿಮೆ ಹನ್ನೆರಡೂವರೆಗೆ. ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನಾವು ಹೇಳುವ ಹೊತ್ತು ಸೂರ್ಯನದ್ದಲ್ಲ, ಎಲ್ಲರೂ ಸೇರಿ ಒಪ್ಪಿಕೊಂಡದ್ದು. ಒಪ್ಪಂದ ಎಂದ ಮೇಲೆ ಯಾವ ಒಪ್ಪಂದದ ಪ್ರಕಾರ ಮಾತಾಡುತ್ತಿದ್ದೇವೆ ಎಂದು ತಿಳಿದಿರಬೇಕು. ಅದು ತಿಳಿಯದೆ ಹೋದಾಗ ಏನಾಯಿತೆಂದು ಈಗ ಕೇಳಿ.

ಕಳೆದ ವರ್ಷ ವಾರ್ಷಿಕ ಹಬ್ಬಕ್ಕೆ ಮುಂಚಿನ ನೊವೆನಾ ದಿನಗಳು. ಒಂದು ಬೆಳಿಗ್ಗೆ ನೋಡಿದರೆ ಗ್ರೊಟ್ಟೊ ಪಕ್ಕದ ಕಾಣಿಕೆ ಡಬ್ಬಿಯ ಬೀಗ ಒಡೆದಿತ್ತು. ಹಿಂದಿನ ರಾತ್ರಿ ಹಬ್ಬದ ಕೆಲಸ ಇದ್ದುದರಿಂದ ಗೇಟು ಹಾಕಿದ್ದು ಹತ್ತು ಗಂಟೆಗೆ. ಆಗ ಬೀಗ ಸರಿಯಾಗಿತ್ತು ಎಂದು ಗೇಟು ನೋಡಿಕೊಳ್ಳುವ ಅಜ್ಜ ಹೇಳಿದರು. ಹಾಗಾದರೆ ಹತ್ತರ ನಂತರ ನೋಡಿದರೆ ಸಾಕು ಎಂದು ಸಿಸಿಟಿವಿ ಹಾಕಿದರು. ಗ್ರೊಟ್ಟೊ ಕಡೆಯ ಕ್ಯಾಮೆರಾದಲ್ಲಿ 10 ಗಂಟೆ 18 ನಿಮಿಷಕ್ಕೆ ಒಬ್ಬ ಹುಡುಗ ಬಂದ. ಡಬ್ಬಿಯ ಹತ್ತಿರ ಬಗ್ಗಿದ. ಏನನ್ನೋ ಎತ್ತಿಕೊಂಡು ಬೇಗ ಬೇಗ ಹೊರಟುಹೋದ. ಅಲ್ಲಿಗೆ ನೋಡುವುದು ನಿಂತಿತು. ಮುಂದಿನದ್ದನ್ನು ಯಾರೂ ನೋಡಲಿಲ್ಲ.

ಆ ಹುಡುಗ ನಮ್ಮ ಗಾಯನ ಮಂಡಳಿಯವನು, ಪ್ಲಸ್ ಟು ಓದುತ್ತಿದ್ದ. ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ಕರೆದು ಕೇಳಿದಾಗ ಅವನು ಹೇಳಿದ್ದು ಇಷ್ಟು: "ಅಭ್ಯಾಸ ಮುಗಿದ ಮೇಲೆ ಕೊಡೆ ಮರೆತಿದ್ದೆ, ಗ್ರೊಟ್ಟೊ ಹತ್ತಿರ ಇಟ್ಟಿದ್ದೆ. ತೆಗೆದುಕೊಂಡು ಹೋದೆ. ಆಗ ಎಂಟು ಕೂಡ ಆಗಿರಲಿಲ್ಲ." ಯಾರೂ ನಂಬಲಿಲ್ಲ. "ನೀನು ಹೇಳುವುದು ಎಂಟು, ಕ್ಯಾಮೆರಾ ಹೇಳುವುದು ಹತ್ತೂಕಾಲು. ಕ್ಯಾಮೆರಾಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನು?" ಎಂದರು ಒಬ್ಬರು. ಅಂದು ಸಂಜೆಯೊಳಗೆ ವಾಳೆಯಲ್ಲೆಲ್ಲ ಮಾತು ಹರಡಿತು. ಮರುದಿನ ಅವನ ತಾಯಿ ನೊವೆನಾಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಒಬ್ಬರೇ ಕುಳಿತದ್ದನ್ನು ನಾವೆಲ್ಲ ನೋಡಿದೆವು.

ಪೊಲೀಸರಿಗೆ ಹೇಳುವ ಮೊದಲು ಒಂದು ದಿನ ತಡೆಯೋಣ ಎಂದರು ಫಾದರ್. ಆ ಭಾಗವನ್ನು ಪೆನ್‌ಡ್ರೈವಿಗೆ ಹಾಕಿ ಕೊಡಿ ಎಂದು ನಮಗೆ ಹೇಳಿದರು. ನಾವು ನಾಲ್ವರು ಕಚೇರಿಗೆ ಹೋದೆವು. ಪರದೆಯ ಮೂಲೆಯಲ್ಲಿ ಈಗಿನ ಹೊತ್ತು ಓಡುತ್ತಿತ್ತು: 9.10. ಹೊರಗೆ ಇನ್ನೂ ಬೆಳಕಿನ ಕೊನೆಯ ಕೆಂಪು ಇತ್ತು. ಮೊಬೈಲಿನಲ್ಲಿ 6.40. ಸೆಕೆಂಡುಗಳು ಎರಡರಲ್ಲೂ ಒಂದೇ.

ನಮ್ಮ ಜೊತೆಗಿದ್ದ ಒಬ್ಬ ತಂಗಿಯ ಅಪ್ಪ ಕುವೈಟಿನಲ್ಲಿದ್ದಾರೆ. ಅವಳು ತಕ್ಷಣ ಹೇಳಿದಳು: "ಇದು ಸರಿಯಾಗಿ ಎರಡೂವರೆ ಗಂಟೆ. ಅಪ್ಪನಿಗೂ ನಮಗೂ ಇರುವಷ್ಟೇ." ಆದರೆ ಕುವೈಟ್ ನಮಗಿಂತ ಎರಡೂವರೆ ಗಂಟೆ ಹಿಂದೆ, ಇದು ಎರಡೂವರೆ ಗಂಟೆ ಮುಂದೆ. ಮುಂದೆ ಇರುವುದು ಚೀನಾ. ಸೆಟ್ಟಿಂಗ್ಸ್ ತೆರೆದು ನೋಡಿದೆವು. ಸಮಯ ವಲಯದ ಜಾಗದಲ್ಲಿ ಗ್ರೀನ್‌ವಿಚ್‌ಗಿಂತ ಎಂಟು ಗಂಟೆ ಮುಂದೆ ಎಂದಿತ್ತು. ಕಾರ್ಖಾನೆಯಿಂದ ಬಂದಾಗ ಇದ್ದದ್ದನ್ನು ಜೋಡಿಸಲು ಬಂದವರು ಬದಲಿಸದೆ ಹೋಗಿದ್ದರು. ಎನ್‌ಟಿಪಿ ಮಾತ್ರ ಆನ್ ಆಗಿತ್ತು. ಹಾಗಾಗಿ ಆ ಯಂತ್ರ ಪ್ರತಿದಿನ ತನ್ನ ಹೊತ್ತನ್ನು ಸೆಕೆಂಡ್ ತಪ್ಪದಂತೆ ಸರಿಮಾಡಿಕೊಳ್ಳುತ್ತಾ, ಚೀನಾದ ಹೊತ್ತನ್ನು ನಿಷ್ಠೆಯಿಂದ ತೋರಿಸುತ್ತಿತ್ತು. ರಾತ್ರಿಯ ಚಿತ್ರವೆಲ್ಲ ಕಪ್ಪು ಬಿಳುಪು. ಏಳೂಮುಕ್ಕಾಲರ ಕತ್ತಲೆಗೂ ಹತ್ತೂಕಾಲರ ಕತ್ತಲೆಗೂ ಅದರಲ್ಲಿ ವ್ಯತ್ಯಾಸ ಕಾಣುವುದಿಲ್ಲ.

"ಇವತ್ತು ತಪ್ಪಿದೆ ಸರಿ. ಆ ರಾತ್ರಿಯೂ ಹೀಗೇ ಇತ್ತು ಎನ್ನಲು ಏನು ಆಧಾರ?" ಎಂದು ಮಂಡಳಿಯವರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮುಖಮಂಟಪದ ಕ್ಯಾಮೆರಾದಲ್ಲಿ ಗಂಟೆಯ ಹಗ್ಗ ಕಾಣುತ್ತದೆ. ಆ ರಾತ್ರಿಯ ರೆಕಾರ್ಡಿಂಗ್ ಹಾಕಿದೆವು. ಸಂಜೆ ಏಳರ ಗಂಟೆಯನ್ನು ಅಜ್ಜ ಬಾರಿಸುವುದು ಅದರಲ್ಲಿ 9.30ಕ್ಕೆ ಕಾಣಿಸಿತು. ಏಳರ ಗಂಟೆ ಊರಿಗೆಲ್ಲ ಕೇಳಿದೆ, ಅದು ಒಂಬತ್ತೂವರೆಗೆ ಆಗಿದ್ದಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಹುಡುಗ ಬಗ್ಗಿದ್ದು 7.48ಕ್ಕೆ. ಗಾಯನ ಮಂಡಳಿಯವರು ಅಭ್ಯಾಸ ಮುಗಿಸಿ ತೆಗೆದ ಗುಂಪು ಫೋಟೊ ವಾಟ್ಸಾಪಿನಲ್ಲಿ 7.43ಕ್ಕೆ ಬಂದಿತ್ತು, ಅದರಲ್ಲಿ ಅವನು ಇದ್ದ. ಕೊಡೆ ಕೈಯಲ್ಲಿರಲಿಲ್ಲ. ಅವನು ಹೋಗಿ ಎರಡು ಗಂಟೆಯಾದ ಮೇಲೂ ಡಬ್ಬಿಯ ಬೀಗ ಸರಿಯಾಗಿತ್ತು ಎಂದು ಅಜ್ಜ ಮೊದಲೇ ಹೇಳಿಯಾಗಿತ್ತು.

ನಿಜವಾಗಿ ಕದ್ದವರು ಯಾರೆಂದು ಇಂದಿಗೂ ತಿಳಿದಿಲ್ಲ. ಗುಡುಗು ಮಳೆಗೆ ಆ ರಾತ್ರಿ ಹನ್ನೊಂದರ ನಂತರ ಕರೆಂಟು ಹೋಗಿತ್ತು, ಬೆಳಗಿನ ಜಾವದವರೆಗೆ ರೆಕಾರ್ಡಿಂಗ್ ಇಲ್ಲ. ಮಂಡಳಿಯ ಉಪಾಧ್ಯಕ್ಷರು ಹುಡುಗನ ಮನೆಗೆ ಹೋಗಿ ತಾಯಿಯ ಎದುರು ಕ್ಷಮೆ ಕೇಳಿದರು. ಫಾದರ್ ಭಾನುವಾರದ ಪ್ರಕಟಣೆಯಲ್ಲಿ ಕ್ಯಾಮೆರಾದ ಸಮಯ ತಪ್ಪಿದ್ದನ್ನು ಎಲ್ಲರಿಗೂ ತಿಳಿಸಿದರು. ಆದರೂ ನಾಲ್ಕು ಭಾನುವಾರ ಅವನು ಗಾಯನ ಮಂಡಳಿಗೆ ಬರಲಿಲ್ಲ. ಐದನೆಯ ಭಾನುವಾರ ಬಂದ. ಈಗ ಬರುತ್ತಿದ್ದಾನೆ. ದಶಾಜ್ಞೆಗಳಲ್ಲಿ ಸುಳ್ಳು ಸಾಕ್ಷಿಯ ಬಗ್ಗೆ ಇರುವುದನ್ನು ನಾವು ಮನುಷ್ಯರ ನಾಲಿಗೆಗೆ ಮಾತ್ರ ಅನ್ವಯಿಸಿ ಕಲಿತಿದ್ದೆವು. ಯಂತ್ರದ ಸಾಕ್ಷಿಯನ್ನು ಪರೀಕ್ಷಿಸದೆ ಒಬ್ಬರ ಮೇಲೆ ಹಾಕಿದರೂ ಅದರ ಭಾರ ಹಾಕಿದವರದ್ದೇ.

ಇದು ನಮ್ಮಂಥ ಚಿಕ್ಕ ಧರ್ಮಕೇಂದ್ರದ ತಾಪತ್ರಯ ಮಾತ್ರವಲ್ಲ. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಕಂಪನಿಗಳು, ಡೇಟಾ ಸೆಂಟರುಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಕಂಪ್ಯೂಟರುಗಳ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರುಗಳಿಗೆ ಜೋಡಿಸಿರಬೇಕು ಎಂದು ಅದರಲ್ಲಿದೆ. ಹತ್ತು ಕಂಪ್ಯೂಟರುಗಳ ದಾಖಲೆ ಹತ್ತು ಹೊತ್ತು ಹೇಳಿದರೆ ಯಾರು ಮೊದಲು ಏನು ಮಾಡಿದರೆಂದು ಕಂಡುಹಿಡಿಯುವುದು ಹೇಗೆ?

ಇನ್ನು ಪ್ರಯಾಣದ ವಿಷಯ. ನಮ್ಮ ಧರ್ಮಕೇಂದ್ರದಲ್ಲಿ ಗಲ್ಫಿಗೋ ಹಡಗಿಗೋ ಒಬ್ಬರನ್ನಾದರೂ ಕಳಿಸದ ಮನೆ ಕಡಿಮೆ. ರಜೆಯಲ್ಲಿ ಬಂದ ಒಬ್ಬ ಅಣ್ಣನ ಕ್ಯಾಮೆರಾ ದುಬಾಯಿ ಸಮಯದಲ್ಲಿತ್ತು, ನಮಗಿಂತ ಒಂದೂವರೆ ಗಂಟೆ ಹಿಂದೆ. ಒಂದು ಮದುವೆಯಲ್ಲಿ ಅವರೂ ಫೋಟೊ ತೆಗೆದರು, ನಾವೂ ತೆಗೆದೆವು. ಎಲ್ಲವನ್ನೂ ಸಮಯದ ಪ್ರಕಾರ ಜೋಡಿಸಿದಾಗ ಕೇಕು ಕತ್ತರಿಸಿದ ಮೇಲೆ ಮದುಮಗಳು ಇಗರ್ಜಿಗೆ ಬರುತ್ತಿದ್ದಳು! ನಕ್ಕು ಸರಿಪಡಿಸಿದೆವು. ಮರಣದ ಸಂದರ್ಭದಲ್ಲಿ ನಗಲು ಆಗುವುದಿಲ್ಲ. ಅಜ್ಜಿಯ ಅಂತ್ಯಕ್ರಿಯೆ ನಾಲ್ಕು ಗಂಟೆಗೆ ನೇರ ಪ್ರಸಾರ ಎಂದಷ್ಟೇ ಸಂದೇಶ ಹೋದರೆ ಕುವೈಟಿನ ಮೊಮ್ಮಗ ತನ್ನ ನಾಲ್ಕು ಗಂಟೆಗೆ ಮೊಬೈಲ್ ತೆರೆಯಬಹುದು. ಅಷ್ಟರಲ್ಲಿ ಇಲ್ಲಿ ಆರೂವರೆ. ಅದಕ್ಕಾಗಿ ಈಗ ನಮ್ಮ ಎಲ್ಲ ಪ್ರಸಾರದ ಸಂದೇಶಗಳಲ್ಲಿ ಮೂರು ಹೊತ್ತು ಬರೆಯುತ್ತೇವೆ: ಭಾರತ 4.00, ದುಬಾಯಿ ಮತ್ತು ಮಸ್ಕತ್ 2.30, ಕುವೈಟ್, ಸೌದಿ, ಕತಾರ್, ಬಹರೈನ್ 1.30.

ಹೊರದೇಶಕ್ಕೆ ಹೋಗುವವರಿಗೆ ಒಂದೇ ಮಾತು. ಲ್ಯಾಪ್‌ಟಾಪಿನ ಗಂಟೆ ನಿಮಿಷವನ್ನು ಕೈಯಿಂದ ತಿರುಗಿಸಬೇಡಿ, ಸಮಯ ವಲಯವನ್ನು ಮಾತ್ರ ಬದಲಿಸಿ. ವಲಯ ಭಾರತದ್ದೇ ಇಟ್ಟು ಗಂಟೆಯನ್ನು ಒಂದೂವರೆ ಹಿಂದೆ ಸರಿಸಿದರೆ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, ಆದರೆ ಯಂತ್ರ ಲೋಕಕ್ಕೆಲ್ಲ ಒಂದೂವರೆ ಗಂಟೆ ಹಿಂದೆ ಬದುಕುತ್ತಿದೆ ಎಂದಾಯಿತು. ಅದು ಕಳಿಸುವ ಇಮೇಲಿನ ಸಮಯ ತಪ್ಪುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಹೊಸ ಅಂಕಿ ಕೊಡುವ ಅಥೆಂಟಿಕೇಟರ್ ಆಪ್ ಆ ಯಂತ್ರದಲ್ಲಿದ್ದರೆ ಅದರ ಅಂಕಿ ಹೊಂದುವುದಿಲ್ಲ. ದಿನಾಂಕವೇ ದೂರ ಹೋಗಿದ್ದರೆ ಬ್ಯಾಂಕಿನ, ಪರೀಕ್ಷೆಯ ಅರ್ಜಿಯ ಪುಟಗಳು ತೆರೆಯುವುದೇ ಇಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದು ಬರುತ್ತದೆ. ಪುಟದ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ನಿಮ್ಮ ಗಡಿಯಾರದ ಪ್ರಕಾರವೇ ನೋಡುವುದು.

ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಒಬ್ಬ ಅಣ್ಣ ಇದನ್ನು ಇನ್ನೂ ಚೆನ್ನಾಗಿ ಹೇಳಿದರು. ಹಡಗು ವಲಯ ದಾಟಿದಾಗ ಊಟ, ನಿದ್ರೆ, ಪಾಳಿಯ ಗಡಿಯಾರಗಳನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ರೇಡಿಯೊ ದಾಖಲೆ ಪುಸ್ತಕದಲ್ಲಿ ಮಾತ್ರ ಯಾವಾಗಲೂ ಯುಟಿಸಿ. ದಾರಿ ಲೆಕ್ಕಕ್ಕೆ ಇಡುವ ಕ್ರೊನೊಮೀಟರ್ ಗಡಿಯಾರವನ್ನಂತೂ ಮುಟ್ಟಿ ತಿರುಗಿಸುವ ರೂಢಿಯೇ ಇಲ್ಲ. ಅದು ಎಷ್ಟು ಸೆಕೆಂಡ್ ಹಿಂದೆ ಅಥವಾ ಮುಂದೆ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ, ಲೆಕ್ಕ ಮಾಡುವಾಗ ಕೂಡಿಸಿ ಕಳೆಯುತ್ತಾರೆ. ಕ್ಯಾಮೆರಾದ ವಿಷಯದಲ್ಲೂ ನಾವು ಮಾಡಿದ್ದು ಅದೇ. ಹಳೆಯ ರೆಕಾರ್ಡಿಂಗನ್ನು ಮುಟ್ಟದೆ ಹಾಗೇ ಇಟ್ಟೆವು. "ಇದರ ಸಮಯ ಎರಡೂವರೆ ಗಂಟೆ ಮುಂದೆ ಇದೆ" ಎಂದು ಕಾಗದದಲ್ಲಿ ಬರೆದು ಇಬ್ಬರು ಸಹಿ ಮಾಡಿ ಜೊತೆಗಿಟ್ಟೆವು. ಆಮೇಲೆಯೇ ಯಂತ್ರದ ವಲಯ ಬದಲಿಸಿದ್ದು.

ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯ. ನಮ್ಮ ಶಾಲೆಗಳಲ್ಲಿ ಕೈಟ್ ಕೊಟ್ಟ ಲಿನಕ್ಸ್ ಕಲಿತು, ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಅದನ್ನೂ ಹಾಕಿಕೊಂಡವರು ಹಲವರಿದ್ದೀರಿ. ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ ಐದೂವರೆ ಗಂಟೆ ಜಿಗಿಯುತ್ತದೆಯೇ? ಲ್ಯಾಪ್‌ಟಾಪ್ ಕೆಟ್ಟಿಲ್ಲ. ಬ್ಯಾಟರಿಯಲ್ಲಿ ಓಡುವ ಗಡಿಯಾರ ಊರಿನ ಹೊತ್ತು ಹೇಳುತ್ತದೆ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ ಹೇಳುತ್ತದೆ ಎಂದು ಲಿನಕ್ಸ್ ತಿಳಿಯುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಪದ್ಧತಿ ಹೇಳಿಕೊಟ್ಟರೆ ಜಗಳ ಮುಗಿಯುತ್ತದೆ. ಹೇಗೆಂದು ತಿಳಿಯದಿದ್ದರೆ ಲ್ಯಾಪ್‌ಟಾಪ್ ತನ್ನಿ, ಮಾಡಿ ಕೊಡುತ್ತೇವೆ.

ಎಣಿಸಿದ ದಿನ ನಮ್ಮ ಹನ್ನೊಂದು ಗಡಿಯಾರಗಳಿಗೆ ಮಾಡಿದ್ದು ಇಷ್ಟು. ರೂಟರಿನಲ್ಲಿ ಎನ್‌ಟಿಪಿ ಸೇವೆ ಆನ್ ಮಾಡಿ ಎನ್‌ಪಿಎಲ್‌ನ ವಿಳಾಸ ಕೊಟ್ಟೆವು: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಉಳಿದ ಯಂತ್ರಗಳು ರೂಟರನ್ನು ಕೇಳುತ್ತವೆ. ಇಂಟರ್ನೆಟ್ ಹೋದರೂ ಅವುಗಳ ನಡುವೆ ಭಿನ್ನಾಭಿಪ್ರಾಯ ಬರುವುದಿಲ್ಲ. ಪ್ರತಿಯೊಂದರಲ್ಲೂ ವಲಯ ಕೋಲ್ಕತ್ತ ಎಂದಿದೆಯೇ ನೋಡಿದೆವು, ಏಕೆಂದರೆ ಹೆಚ್ಚಿನ ಪಟ್ಟಿಗಳಲ್ಲಿ ಭಾರತದ ಸಮಯಕ್ಕೆ ಆ ಊರಿನ ಹೆಸರೇ ಇರುತ್ತದೆ. ಕಚೇರಿಯ ಕಂಪ್ಯೂಟರಿನ ಬ್ಯಾಟರಿ ಬದಲಿಸಿದೆವು. ಗೋಡೆಯ ಎರಡು ಗಡಿಯಾರ ಮತ್ತು ಎರಡು ಕ್ಯಾಮೆರಾಗಳನ್ನು ತಿಂಗಳಿಗೊಮ್ಮೆ ಕೈಯಿಂದ ಹೊಂದಿಸುವ ಕೆಲಸ ಪೀಠ ಸೇವಕರು ವಹಿಸಿಕೊಂಡಿದ್ದಾರೆ. ತಿಂಗಳ ಮೊದಲ ಭಾನುವಾರ ಸಿಸಿಟಿವಿಯ ಎದುರು ಮೊಬೈಲ್ ಹಿಡಿದು, ಎರಡೂ ಹೊತ್ತನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇವೆ. ಹತ್ತು ನಿಮಿಷದ ಕೆಲಸ.

ನಿಮ್ಮ ಮನೆಯಲ್ಲೂ ಇದನ್ನು ಮಾಡಿ. ಮೊಬೈಲಿನಲ್ಲಿ ದಿನಾಂಕ, ಸಮಯ, ವಲಯ ಮೂರೂ ಸ್ವಯಂಚಾಲಿತವಾಗಿವೆಯೇ ನೋಡಿ. ಮನೆಗೋ ಅಂಗಡಿಗೋ ಸಿಸಿಟಿವಿ ಇದ್ದರೆ ಇವತ್ತೇ ಅದರ ಮೂಲೆಯಲ್ಲಿ ಓಡುವ ಹೊತ್ತನ್ನು ಮೊಬೈಲಿನ ಜೊತೆ ಹೋಲಿಸಿ. ತಪ್ಪಿದ್ದರೆ ಎಷ್ಟು ತಪ್ಪಿದೆ ಎಂದು ಮೊದಲು ಬರೆದಿಡಿ, ಆಮೇಲೆ ಸರಿಮಾಡಿ. ಯಾರದ್ದೋ ಮೇಲೆ ಬೊಟ್ಟು ಮಾಡುವ ದಿನ ಬಂದರೆ, ಗಡಿಯಾರ ನೋಡಿದ ಮೇಲೂ ಇನ್ನೊಂದು ಸಲ ಆ ವ್ಯಕ್ತಿಯ ಮಾತು ಕೇಳಿ.

ಬರುವ ತಿಂಗಳ ಮೊದಲ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಸಭಾಭವನದಲ್ಲಿ ಇರುತ್ತೇವೆ. ಲ್ಯಾಪ್‌ಟಾಪ್, ಕ್ಯಾಮೆರಾ, ಹೊತ್ತು ತಪ್ಪಿದ ಏನಿದ್ದರೂ ತನ್ನಿ. ರೆಕಾರ್ಡರ್ ಹೊತ್ತು ತರಲಾಗದ ಹಿರಿಯರು ಹೇಳಿ ಕಳಿಸಿದರೆ ನಮ್ಮಲ್ಲಿ ಇಬ್ಬರು ಮನೆಗೇ ಬರುತ್ತೇವೆ. ಕೊಡೆ ಮರೆತ ಆ ಹುಡುಗನೂ ಈಗ ನಮ್ಮ ತಂಡದಲ್ಲಿದ್ದಾನೆ, ನೋಟ್ ಪುಸ್ತಕ ಅವನ ಕೈಯಲ್ಲೇ ಇದೆ.